ಗೇರುಹಣ್ಣಿನ ಕಾರಿನಲ್ಲಿ ಬ್ರಹ್ಮಾವರದವರೆಗೆ

ಕೆಲವರು ಹೋದಲ್ಲೆಲ್ಲ ಮಳೆ ಬರುತ್ತದೆ, ಕೆಲವರು ನಿಂತಲ್ಲೆಲ್ಲ ನೆಂಟರು ಸಿಗುತ್ತಾರೆ. ನಮ್ಮ ಕಾಲೇಜಿನ ಭೌತಶಾಸ್ತ್ರದ ಸರ್ ಜೊತೆ ನಾನು ಎಲ್ಲಿಗೆ ಹೊರಟರೂ ಮರ್ಯಾದೆ ಹೋಗುವಂಥದ್ದೇನಾದರೂ ಆಗಿಯೇ ಆಗುತ್ತಿತ್ತು. ಮೊದಮೊದಲು ಗ್ರಹಚಾರ ಎಂದುಕೊಂಡಿದ್ದೆ. ಆಮೇಲೆ ಅಭ್ಯಾಸವಾಯಿತು.

ನಾನು ಕುಂದಾಪುರದ ಹತ್ತಿರ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಹೆದ್ದಾರಿಯನ್ನು ಅಗಲ ಮಾಡುತ್ತಿದ್ದ ವರ್ಷಗಳು ಅವು. ಸರ್ ಅವರ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಬೇಸಿಗೆಯಲ್ಲಿ ಗೇರುಬೀಜವನ್ನು ತಿರುಪಿ ತೆಗೆದು ಹಣ್ಣನ್ನು ಮರದ ಬುಡದಲ್ಲೇ ಎಸೆದು ಹೋಗುತ್ತಾರಲ್ಲ, ಅದನ್ನು ನೋಡಿ ನೋಡಿ ಅವರಿಗೆ ಒಂದು ಯೋಚನೆ ಬಂತು. ಆ ಹಣ್ಣನ್ನು ಹುಳಿ ಬರಿಸಿ ಸ್ಪಿರಿಟ್ ತೆಗೆಯುವುದು. ಸ್ಪಿರಿಟ್ಟಿನಿಂದ ಕರೆಂಟ್. ಕರೆಂಟಿನಿಂದ ಕಾರು. ಬ್ರಹ್ಮಾವರದ ಕೃಷಿ ಮೇಳಕ್ಕೆ ಅದೇ ಕಾರಿನಲ್ಲಿ ಹೋಗಿ ಇಳಿಯಬೇಕು, ನಿವೃತ್ತಿಗೆ ಮೊದಲು ಇದೊಂದೇ ಆಸೆ ಎಂದರು. ಸ್ಪಿರಿಟ್ ತೆಗೆಯುವುದು ಕೆಮಿಸ್ಟ್ರಿಯ ಕೆಲಸವಾದ್ದರಿಂದ ನಾನು ಸಿಕ್ಕಿಬಿದ್ದೆ.

ಬೆಂಕಿ ಇಲ್ಲದ ಕಾರು

ಮೊದಲು ಪ್ರಾಂಶುಪಾಲರ ಒಪ್ಪಿಗೆ ಬೇಕಿತ್ತು. ಅವರು ವಾಣಿಜ್ಯಶಾಸ್ತ್ರದವರು, ವಿಜ್ಞಾನ ಎಂದರೆ ಭಯಭಕ್ತಿ. ಸರ್ ಅವರ ಮೇಜಿನ ಮೇಲೆ ಎರಡು ನೀರಿನ ಲೋಟ ಇಟ್ಟು, ನಡುವೆ ಒಂದು ಕಾಗದ ನಿಲ್ಲಿಸಿ ಪಾಠ ಶುರು ಮಾಡಿದರು. ಕಾಗದದ ಈಚೆ ನೀರು ಬೆರೆಸಿದ ಸ್ಪಿರಿಟ್, ಆಚೆ ಗಾಳಿ, ನಡುವೆ ಒಂದು ಪೊರೆ. ಎರಡೂ ಸೇರಲು ಹವಣಿಸುವಾಗ ಕರೆಂಟ್ ಹುಟ್ಟುತ್ತದೆ. ಅದು ಬ್ಯಾಟರಿಗೆ ಹೋಗುತ್ತದೆ, ಬ್ಯಾಟರಿ ಮೋಟಾರನ್ನು ತಿರುಗಿಸುತ್ತದೆ. ಇದಕ್ಕೇ ಫ್ಯೂಯೆಲ್ ಸೆಲ್ ಎನ್ನುವುದು.

ಪ್ರಾಂಶುಪಾಲರು ಬೆಂಕಿ ಎಲ್ಲಿ ಎಂದು ಕೇಳಿದರು. ಬೆಂಕಿ ಇಲ್ಲ ಎಂದರು ಸರ್. ಹೊಗೆ? ಇಲ್ಲ. ಎಂಜಿನ್? ಬೇಡ. ಗಿಯರ್? ಅದೂ ಬೇಡ. ಶಬ್ದ? ಇಲ್ಲವೇ ಇಲ್ಲ ಎಂದು ಸರ್ ಹೆಮ್ಮೆಯಿಂದ ಎದೆಯುಬ್ಬಿಸಿದರು.

ಪ್ರಾಂಶುಪಾಲರು ಸ್ವಲ್ಪ ಹೊತ್ತು ಎರಡು ಲೋಟಗಳನ್ನೂ ನೋಡಿದರು. "ಸಮ. ಇಲ್ಲದ್ದೆಲ್ಲ ಹೇಳಿದ್ರಿ. ಕಾರ್ ಆದ್ರೂ ಇತ್ತಾ?"

ಅದೂ ಇರಲಿಲ್ಲ.

ಪ್ರಾಯದ ಪ್ರಶ್ನೆ

ಕಾರು ಹೆಮ್ಮಾಡಿಯ ಒಂದು ಗ್ಯಾರೇಜಿನಲ್ಲಿ ಸಿಕ್ಕಿತು. ತೊಂಬತ್ತೇಳರ ಮಾಡೆಲ್, ಪುಟ್ಟ ಬಿಳಿ ಕಾರು. ಎಂಜಿನ್ ಸತ್ತುಹೋಗಿದೆ ಎಂದು ಗ್ಯಾರೇಜಿನವರು ಸಂಕೋಚದಿಂದ ಹೇಳಿದಾಗ ಸರ್ ಅಷ್ಟು ಖುಷಿಪಟ್ಟದ್ದನ್ನು ಕಂಡು ಅವರಿಗೆ ಅನುಮಾನವೇ ಬಂತು.

ಇತ್ತ ಲ್ಯಾಬಿನ ಹಿಂದೆ ಡ್ರಮ್ಮುಗಳಲ್ಲಿ ಗೇರುಹಣ್ಣು ಬುಸುಗುಡುತ್ತಿತ್ತು. ಅಬಕಾರಿ ಇಲಾಖೆಯಿಂದ ಅನುಮತಿ ಪಡೆದೇ ಮಾಡಿದ್ದೆವು. ಆದರೂ ಒಂದು ದಿನ ಅಲ್ಲಿಂದ ಒಬ್ಬರು ನೋಡಿಹೋಗಲು ಬಂದರು. ಕೊಕ್ಕರ್ಣೆ ಕಡೆಯವರಂತೆ, ಗಂಭೀರ ಮುಖ. ಸರ್ ಅವರನ್ನು ಡ್ರಮ್ಮಿನಿಂದ ಡ್ರಮ್ಮಿಗೆ ಕರೆದೊಯ್ದು, ಇದರಲ್ಲಿ ಮನುಷ್ಯರ ಬಾಯಿಗೆ ಒಂದು ಹನಿಯೂ ಹೋಗುವುದಿಲ್ಲ, ಅಷ್ಟೂ ಕಾರಿಗೇ ಎಂದು ಆಣೆ ಮಾಡುವ ಹಾಗೆ ಹೇಳಿದರು.

ಅವರು ಕಾರಿಗೆ ಒಂದು ಸುತ್ತು ಬಂದು, ಯಾವ ಮಾಡೆಲ್ ಎಂದು ಕೇಳಿ, ಬೆರಳು ಮಡಚಿ ಲೆಕ್ಕ ಹಾಕಿದರು. "ಇಪ್ಪತ್ತೊಂದ್ ಆಯ್ಲಿಲ್ಲೆ ಮೇಷ್ಟ್ರೆ. ಸಣ್ಣ ಪ್ರಾಯದವ್ರಿಗೆ ಕೊಡುಕಾಗ."

ಹೇಳಿ, ನಗದೆ ಜೀಪು ಹತ್ತಿ ಹೋದರು. ಸಂಜೆ ಸರ್ ನನಗೆ ಫೋನ್ ಮಾಡಿ, ವಾಹನಗಳಿಗೂ ಅಂಥದ್ದೊಂದು ನಿಯಮ ಇದೆಯಾ ಮೇಡಂ ಎಂದು ವಿಚಾರಿಸಿದರು.

ಬಸ್ರೂರು ರಸ್ತೆಯಲ್ಲಿ

ಮೊದಲ ಸಲ ಕಾರನ್ನು ರಸ್ತೆಗೆ ಇಳಿಸಿದ್ದು ಬಸ್ರೂರು ರಸ್ತೆಯಲ್ಲಿ. ಸರ್ ಸ್ಟಿಯರಿಂಗ್ ಹಿಡಿದಿದ್ದರು, ನಾನು ಪಕ್ಕದಲ್ಲಿ ಸ್ಪಿರಿಟ್ ಕ್ಯಾನನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡಿದ್ದೆ. ಕಾರು ಹೊರಟಿತು. ಹೊರಟದ್ದು ಗೊತ್ತಾಗಬೇಕಾದರೆ ಪಕ್ಕದ ಬೇಲಿಯ ಗೂಟಗಳನ್ನೇ ನೋಡುತ್ತಿರಬೇಕಿತ್ತು. ಸರ್ ಮುಖದಲ್ಲಿ ಮಾತ್ರ ವಿಮಾನ ಹಾರಿಸುವವರ ಕಳೆ.

ಹಿಂದಿನಿಂದ ಮೀನು ಮಾರುವ ಹೆಂಗಸೊಬ್ಬರು ಬುಟ್ಟಿ ಹೊತ್ತು ಬರುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ನಮ್ಮ ಕಿಟಕಿಯ ಸಮಕ್ಕೆ ಬಂದರು. ಸರ್ ಮನೆಗೆ ದಿನವೂ ಮೀನು ತಂದುಕೊಡುವವರೇ, ಮಾತಿಲ್ಲದೆ ದಾಟುವುದು ಸರಿಯಲ್ಲ ಎಂದು ನಮ್ಮ ಜೊತೆಗೇ ನಡೆಯತೊಡಗಿದರು.

"ಹ್ವಾಯ್ ಮೇಷ್ಟ್ರೆ, ಕಾರ್ ಹಾಳಾಯ್ತಾ? ದೂಡುಕೆ ಜನ ಕರೀಕಾ?"

"ಇಲ್ಲೆ, ಈಗ್ಲೂ ಓಡ್ತಾ ಇತ್ತ್," ಎಂದರು ಸರ್.

ಆಕೆ ಚಕ್ರವನ್ನು ಬಗ್ಗಿ ನೋಡಿದರು. ನಂಬಿದ ಹಾಗೆ ಕಾಣಲಿಲ್ಲ. ಆದರೆ ಮೇಷ್ಟ್ರ ಮಾತು, ತೆಗೆದುಹಾಕುವ ಹಾಗಿಲ್ಲ.

"ಹಂಗಾರೆ ನೀವ್ ಓಡ್ಸ್ಕಂಡ್ ಬನ್ನಿ. ನಾನ್ ನಡ್ಕಂಡ್ ಮುಂದೆ ಹೋತೆ, ಮೀನ್ ಹಾಳಾತ್ತ್."

ಹಿಂದಿನ ಕೊಳವೆ

ಆಮೇಲೆ ಮೋಟಾರು ಬದಲಾಯಿಸಿ, ಸೆಲ್ಲುಗಳನ್ನು ಹೆಚ್ಚಿಸಿ, ಸೈಕಲ್ಲಿನ ವೇಗಕ್ಕೆ ತಂದೆವು. ಆದರೆ ಇನ್ನೊಂದು ತಕರಾರು ಎದ್ದಿತು. ಈ ಕಾರಿನ ಹಿಂದಿನಿಂದ ತೊಟ್ಟಿಕ್ಕುವುದು ಬರೀ ನೀರು ಎಂದು ಸರ್ ಊರೆಲ್ಲ ಹೇಳಿಕೊಂಡು ಬಂದಿದ್ದರು. ಹಿಂದಿನ ಕೊಳವೆಯಿಂದ ತೊಟ್ಟಿಕ್ಕಿದ್ದಕ್ಕೆ ಹುಳಿ ವಾಸನೆ. ಪರೀಕ್ಷೆ ಮಾಡಿ ನೋಡಿದೆ. ನಮ್ಮ ಸೆಲ್ ಸ್ಪಿರಿಟ್ಟನ್ನು ಪೂರ್ತಿ ಜೀರ್ಣಿಸಿಕೊಳ್ಳದೆ ಅರ್ಧಕ್ಕೇ ಬಿಟ್ಟು ಅಸಿಟಿಕ್ ಆಸಿಡ್ ಮಾಡುತ್ತಿತ್ತು. ಅಂದರೆ ವಿನೆಗರ್. ಸರ್ ಎರಡು ದಿನ ಕೊಳವೆಯ ಕೆಳಗೆ ಬಾಲ್ದಿ ಇಟ್ಟುಕೊಂಡು ಕೂತರು.

ಕಾಲೇಜಿನ ಗೇಟಿನೆದುರು ಗೋಬಿ ಮಂಚೂರಿ ಗಾಡಿ ಇಟ್ಟುಕೊಂಡವರೊಬ್ಬರಿದ್ದರು. ಅವರು ವಾಸನೆ ಹಿಡಿದು ಒಳಗೆ ಬಂದರು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಬಾಲ್ದಿಗೆ ಬೆರಳದ್ದಿ ನಾಲಗೆಗೆ ಮುಟ್ಟಿಸಿ ಕಣ್ಣು ಮುಚ್ಚಿದರು. ಅದು ಕಾರಿನ ಹಿಂದಿನಿಂದ ಬಂದದ್ದು, ತಿನ್ನುವಂಥದ್ದಲ್ಲ ಎಂದು ವಿವರಿಸಿದೆ. ನಾವು ತಲೆ ಕೆಡಿಸಿಕೊಂಡಿರುವುದು ಇದನ್ನು ನಿಲ್ಲಿಸುವುದು ಹೇಗೆ ಎಂದೇ ಅಂತಲೂ ಹೇಳಿದೆ.

ಅವರು ಕಣ್ಣು ತೆರೆದರು. "ಕಾರ್ ಓಡ್ದಿದ್ರೆ ಬಿಡಿ ಮೇಡಂ, ಇದನ್ನ್ ಮಾತ್ರ ನಿಲ್ಸ್‌ಬೇಡಿ."

ಊದುವ ಯಂತ್ರ

ಹೆಮ್ಮಾಡಿ ದಾಟಿ ಸ್ವಲ್ಪ ದೂರ ಹೋಗಿಬರೋಣ ಎಂದು ಒಂದು ಸಂಜೆ ಹೊರಟಿದ್ದೆವು. ರಸ್ತೆ ಬದಿಯಲ್ಲಿ ಪೊಲೀಸರು ವಾಹನ ತಡೆದು ಊದಿಸುತ್ತಿದ್ದರು. ನಮ್ಮನ್ನೂ ನಿಲ್ಲಿಸಿದರು. ಸರ್ ಕಿಟಕಿ ಇಳಿಸಿದ್ದೇ ತಡ, ಬಗ್ಗಿದ ಯುವ ಪೊಲೀಸಿನವರು ತಲೆ ಹಿಂದಕ್ಕೆಳೆದುಕೊಂಡರು. ಗೇರುಹಣ್ಣಿನ ಸ್ಪಿರಿಟ್ ಎಂದರೆ ಸಾಮಾನ್ಯ ವಾಸನೆಯಲ್ಲ.

ಸರ್ ಚಹಾ ಕೂಡ ಕುಡಿಯದ ಮನುಷ್ಯ. ಊದಿದರು, ಸೊನ್ನೆ ಬಂತು. ಯಂತ್ರವನ್ನು ಕುಟ್ಟಿ ಇನ್ನೊಮ್ಮೆ ಊದಿಸಿದರು, ಮತ್ತೂ ಸೊನ್ನೆ. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ನಾನೂ ಊದಿದೆ. ನನ್ನ ಇಪ್ಪತ್ತು ವರ್ಷದ ಸರ್ವಿಸ್ಸಿನಲ್ಲಿ ಹಾಗೆ ಊದಿದ್ದು ಅದೇ ಮೊದಲು. ನನ್ನದೂ ಸೊನ್ನೆ.

ಯುವಕ ಛಲ ಬಿಡಲಿಲ್ಲ. ಮೂಗು ಕರೆದುಕೊಂಡು ಹೋದತ್ತ ಹೋಗಿ, ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಯಂತ್ರವನ್ನು ಕೊಳವೆಗೆ ಹಿಡಿದರು. ಅದು ಕಿರುಚಿಕೊಂಡಿತು. ಈಗ ಏನು ಮಾಡುವುದೆಂದು ತೋಚದೆ ದೂರದಲ್ಲಿ ನಿಂತಿದ್ದ ಹಿರಿಯರನ್ನು ಕರೆದರು. ಹಿರಿಯರು ನಿವೃತ್ತಿಯ ಅಂಚಿನವರು, ಸರ್‌ನಷ್ಟೇ ಪ್ರಾಯ. ಎಲ್ಲ ಕೇಳಿ ತಿಳಿದು, ಟೋಪಿ ಸರಿಮಾಡಿಕೊಂಡು ತೀರ್ಪು ಕೊಟ್ಟರು:

"ಕುಡ್ದವ್ರನ್ನ ಕುಡೀದವ್ರ್ ಮನೆಗೆ ಕರ್ಕಂಡ್ ಹೋಪುದಾರೆ ನಮ್ಗೆಂತ ತೊಂದ್ರೆ ಇಲ್ಲೆ. ಜಾಗ್ರತೆ ಮಾಡಿ ಕರ್ಕಂಡ್ ಹೋಗಿ."

ತೆಕ್ಕಟ್ಟೆಯ ಸಾಲು

ಕೊನೆಗೂ ಕೃಷಿ ಮೇಳದ ದಿನ ಬಂತು. ಬೆಳಿಗ್ಗೆ ಒಂಬತ್ತಕ್ಕೆ ಕುಂದಾಪುರ ಬಿಟ್ಟೆವು. ಕೋಟೇಶ್ವರ ದಾಟಿತು. ತೆಕ್ಕಟ್ಟೆ ಹತ್ತಿರ ರಸ್ತೆ ಕೆಲಸದ ಹೊಂಡಗಳಲ್ಲಿ ಎದ್ದು ಬಿದ್ದು ಬರುವಾಗ ಹಿಂದೆ ಇಟ್ಟಿದ್ದ ಕ್ಯಾನಿನ ಮುಚ್ಚಳ ಸಡಿಲಾಗಿ, ಇದ್ದ ಸ್ಪಿರಿಟ್ಟೆಲ್ಲ ಹಿಂದಿನ ಸೀಟು ಕುಡಿದುಬಿಟ್ಟಿತ್ತು. ಸ್ವಲ್ಪ ಹೊತ್ತಿಗೆ ಕಾರು ನಿಂತಿತು. ಮೇಳ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಬೇರೆ ಗಾಡಿಗೆ ಕಟ್ಟಿ ಎಳೆಸೋಣವೇ ಎಂದೆ. ಸರ್ ಮುಖ ನೋಡಿ ಆ ಮಾತು ನುಂಗಿಕೊಂಡೆ. ಹಗ್ಗದಲ್ಲಿ ಎಳೆಸಿಕೊಂಡು ಹೋಗಲು ಅವರು ವರ್ಷವಿಡೀ ದುಡಿದಿರಲಿಲ್ಲ.

ಎದುರಿಗೇ ಒಂದು ವೈನ್‌ಶಾಪು.

ಸರ್ ಪ್ರತಿವರ್ಷ ಕಾಲೇಜಿನಲ್ಲಿ ಮದ್ಯಪಾನದ ಕೆಡುಕಿನ ಬಗ್ಗೆ ಭಾಷಣ ಮಾಡುವವರು. ಅಂಗಡಿಯ ಮುಂದಿನ ಸಾಲಿನಲ್ಲಿ ಅರ್ಧಕ್ಕರ್ಧ ಆ ಭಾಷಣ ಕೇಳಿದವರೇ. ಇವರು ರಸ್ತೆ ದಾಟಿ ಬರುವುದನ್ನು ಕಂಡದ್ದೇ ಸಾಲು ನೆಟ್ಟಗಾಯಿತು. ಯಾರೋ ಮದ್ಯದ ಪೊಟ್ಟಣವನ್ನು ಲುಂಗಿಯ ಮಡಿಕೆಗೆ ಸೇರಿಸಿದರು. ಬೈಯಲು ಬಂದದ್ದೆಂದು ಎಲ್ಲರೂ ತಲೆ ತಗ್ಗಿಸಿ ಕಾದರು. ಸರ್ ಬಂದು ಸಾಲಿನ ಕೊನೆಯಲ್ಲಿ ನಿಂತರು.

ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದು ಅವರನ್ನು ಮುಂದೆ ಬಿಟ್ಟರು. ಸರ್ ಅಂಗಡಿಯವರಿಗೆ ಪಾಠದ ದನಿಯಲ್ಲೇ ಹೇಳಿದರು: ಬಣ್ಣ ಇರಬಾರದು, ಸಕ್ಕರೆ ಇರಬಾರದು, ನೋಡಲು ನೀರಿನ ಹಾಗಿರಬೇಕು. ಅಂಗಡಿಯವರು ವೋಡ್ಕಾ ಬಾಟ್ಲಿ ಇಟ್ಟು, ಎಷ್ಟು ಬೇಕೆಂದು ಕೇಳಿದರು. ಟ್ಯಾಂಕ್ ತುಂಬಬೇಕು ಎಂದರು ಸರ್.

ಹಿಂದೆ ನಿಂತಿದ್ದ ಹಳೆ ವಿದ್ಯಾರ್ಥಿಯೊಬ್ಬ ತಡೆಯಲಾರದೆ ಹತ್ತಿರ ಬಂದ. "ಸರ್, ಸುರುವಿಗೇ ಅಷ್ಟ್ ಬ್ಯಾಡ. ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡ್ಕಣಿ."

ಇದು ನನಗಲ್ಲ, ಕಾರಿಗೆ ಎಂದು ಸರ್ ಸಿಡುಕಿದರು. ಅವನ ಮುಖದಲ್ಲಿ ಅಂಥ ಅನುಕಂಪವನ್ನು ನಾನು ಯಾವ ಪರೀಕ್ಷೆಯ ದಿನವೂ ಕಂಡಿರಲಿಲ್ಲ. "ಅಡ್ಡಿಲ್ಲೆ ಸರ್. ನಾವೂ ಮನೇಲಿ ಹಂಗೇ ಎಂತಾರೂ ಹೇಳುದ್."

ಸರ್ ಬಾಟ್ಲಿಗಳನ್ನು ತಬ್ಬಿಕೊಂಡು ಹೊರಟರು, ಸಾಲು ಸಾಲೇ ಹಿಂದೆ ಹೊರಟಿತು. ನಾನು ವೋಡ್ಕಾಗೆ ನೀರು ಬೆರೆಸಿದೆ. ಅಳತೆ ಸರಿಯಾಗಿದೆ ಎಂದು ಹಿಂದಿನಿಂದ ಯಾರೋ ಮೆಚ್ಚಿದರು. ಆದರೆ ಅದನ್ನು ಟ್ಯಾಂಕಿಗೆ ಸುರಿಯತೊಡಗಿದಾಗ ಒಬ್ಬರು ನೋಡಲಾರದೆ ಮುಖ ತಿರುಗಿಸಿಕೊಂಡು ಗದ್ದೆಯ ಕಡೆ ನಿಂತರು. ಬ್ಯಾಟರಿ ತುಂಬುವವರೆಗೆ ಅಷ್ಟೂ ಜನ ಕದಲಲಿಲ್ಲ. ಕಾರು ಸದ್ದಿಲ್ಲದೆ ಹೊರಟಾಗ, ಇದು ಎಲ್ಲಿಯವರೆಗೆ ಹೋಗುತ್ತದೋ ನೋಡಿಯೇಬಿಡೋಣ ಎಂದು ಬೈಕುಗಳಲ್ಲಿ ಹಿಂಬಾಲಿಸಿದರು.

ಬ್ರಹ್ಮಾವರ ಮುಟ್ಟುವಾಗ ಮೇಳದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ನೋಡುವವರು ಯಾರೂ ಉಳಿದಿರಲಿಲ್ಲ. ತೆಕ್ಕಟ್ಟೆಯವರೇ ಕುರ್ಚಿಗಳನ್ನು ಇಳಿಸಿ ಮುಂದಿನ ಸಾಲಿನಲ್ಲಿ ಕೂತರು. ಸರ್ ಕಾರಿನ ಬಾನೆಟ್ ಎತ್ತಿ ಪೂರ್ತಿ ಪಾಠ ಮಾಡಿದರು. ತರಗತಿಯಲ್ಲಿ ಬಾಯಿಬಿಡದಿದ್ದ ಒಬ್ಬ ಎದ್ದು ನಿಂತು, ಬೀರಿನಿಂದಲೂ ಓಡುತ್ತದಾ ಎಂದು ಕೇಳಿದ. ಸರ್ ಸಂತೋಷದಿಂದ ಕನ್ನಡಕ ತೆಗೆದು ಒರೆಸಿಕೊಂಡು, ಗುಳ್ಳೆಗಳ ಸಮಸ್ಯೆಯನ್ನು ವಿವರವಾಗಿ ತಿಳಿಸಿದರು. ಚಪ್ಪಾಳೆ ಬಿತ್ತು.

ಅಷ್ಟರಲ್ಲಿ ಸರ್ ಫೋನು ಹೊಡೆದುಕೊಂಡಿತು, ಮನೆಯಿಂದ. ಎರಡೂ ಕೈಗೆ ಗ್ರೀಸ್ ಆಗಿದ್ದರಿಂದ ನನ್ನ ಹತ್ತಿರ ಸ್ಪೀಕರ್ ಹಾಕಿಸಿದರು. ನಾವು ಬ್ರಹ್ಮಾವರ ಮುಟ್ಟುವುದಕ್ಕೆ ಮೊದಲೇ ಸುದ್ದಿ ಬಸ್ರೂರಿನ ಅವರ ಮನೆ ಮುಟ್ಟಿತ್ತು. ಬೆಳಿಗ್ಗೆಯೇ ವೈನ್‌ಶಾಪಿನಲ್ಲಿ ನಿಂತಿದ್ದು ಹೌದಾ ಎಂದು ಅವರ ಹೆಂಡತಿ ಕೇಳಿದರು. ಹೌದು, ಆದರೆ ಅಷ್ಟನ್ನೂ ಕಾರಿಗೇ ಹಾಕಿದ್ದು ಎಂದರು ಸರ್. ಬೇಕಾದರೆ ಮೇಡಂ ಹತ್ತಿರ ಕೇಳು, ನೀರು ಬೆರೆಸಿಕೊಟ್ಟದ್ದೇ ಅವರು ಎಂದು ನನ್ನನ್ನೂ ಸಾಕ್ಷಿಗೆ ಎಳೆದರು.

ಹೆಂಡತಿಯ ಉತ್ತರ ಕೇಳಲು ಮುಂದಿನ ಸಾಲಿನವರೆಲ್ಲ ಕುರ್ಚಿಗಳನ್ನು ಹತ್ತಿರಕ್ಕೆ ಎಳೆದುಕೊಂಡರು.

"ಕುಡ್ದದ್ದಾರೆ ಕುಡ್ದೆ ಅಂತ ಹೇಳಿ, ನಾನ್ ಎಂತ ಹೇಳುದಿಲ್ಲೆ. ಬಾಯಿ ಬಾರ್ದ ಕಾರಿನ ಮೇಲೆ ಹಾಕ್‌ಬೇಡಿ."