ನೀರು-ಬೆಲ್ಲ ಕೊಡುವ ಸರ್ವರ್

ಮಲಗುವ ಮುಂಚೆ ಆ ದಿನ ಶಿವ ಕೊಟ್ಟ ಒಳ್ಳೆಯದನ್ನೆಲ್ಲ ಎಣಿಸುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ನಳದಲ್ಲಿ ನೀರು ಬಂತು, ಯಜಮಾನರು ಉಪ್ಪು ಕಡಿಮೆ ಎನ್ನಲಿಲ್ಲ, ಹೀಗೆ. ಈ ಲೆಕ್ಕದಲ್ಲಿ ಒಂದು ದಿನ ಸರ್ವರ್ ಕೂಡ ಸೇರುತ್ತದೆಂದು ನಾನೇನು ಕನಸು ಕಂಡಿದ್ದೆನೆ?

ಮಗಳು ಸವಿತಾ ಹಿರೇಕೆರೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಾಳೆ. ಕೊನೆಯ ವರ್ಷಕ್ಕೆ ಅವಳು ಸರ್ವರ್ ಬರೆಯಬೇಕಿತ್ತು. ನನಗೆ ತಿಳಿದಷ್ಟು ಹೇಳುತ್ತೇನೆ: ಹತ್ತಾರು ಫೋನುಗಳು ಅವಳ ಕಂಪ್ಯೂಟರಿಗೆ ಬಂದು ಬಸ್ಸಿನ ವೇಳೆ ಕೇಳುತ್ತವೆ, ಅದು ಉತ್ತರ ಕೊಡುತ್ತದೆ. ಬಂದ ಫೋನಿಗೆ ಸಿಗುವ ಜಾಗಕ್ಕೆ ಸಾಕೆಟ್ ಅನ್ನುತ್ತಾರಂತೆ. ಸೋಮವಾರ ಸರ್ ಮುಂದೆ ಅದು ನಡೆಯದಿದ್ದರೆ ಇನ್ನೊಂದು ವರ್ಷ ಕೂಡಬೇಕು.

ಶನಿವಾರ ಮನೆಯಲ್ಲೇ ಪರೀಕ್ಷೆ ಮಾಡಿದೆವು. ಪಕ್ಕದ ಮನೆಯ ನೀಲವ್ವ ತನ್ನ ಫೋನು ಜೋಡಿಸಿ, ಏನು ಕೇಳಬೇಕೆಂದು ಮರೆತು ಕುಳಿತಳು. ಅಷ್ಟೇ, ನನ್ನ ಫೋನಿನಲ್ಲಿ ಉತ್ತರದ ಬದಲು ಚಕ್ರ ಗರಗರ ತಿರುಗತೊಡಗಿತು.

"ನೀಲವ್ವ ಕಾಕು ಕೇಳೂತನಕ ಸರ್ವರ್ ಬ್ಯಾರೆಯವ್ರ ಕಡೆ ನೋಡಂಗಿಲ್ಲವ್ವ," ಎಂದಳು ಮಗಳು, ಅಳುವ ದನಿಯಲ್ಲಿ.

"ನಾ ಏನ ಮಾಡೇನಬೇ? ಸುಮ್ನ ಕುಂತೇನಿ," ಎಂದಳು ನೀಲವ್ವ.

ನಾನು ಅಂದೆ: "ಮನಿಗೆ ನಾಕ ಮಂದಿ ಬಂದ್ರ ಏನ ಮಾಡ್ತೇವಿ? ಎಲ್ಲಾರಿಗೂ ನೀರು-ಬೆಲ್ಲ ಕೊಟ್ಟು ಕುಂದ್ರಸ್ತೇವಿ. ಯಾರು ಬಾಯಿ ಬಿಡ್ತಾರ, ಅವ್ರ ಮಾತು ಕೇಳ್ತೇವಿ. ಸುಮ್ನ ಕುಂತವ್ರ ಮಾರಿ ನೋಡ್ಕೋತ ಯಾಕ ನಿಂದ್ರಬೇಕು?"

ಸವಿತಾ ತಟ್ಟನೆ ಕುರ್ಚಿ ಎಳೆದು ಕುಳಿತಳು. ಮತ್ತೆ ಭಾನುವಾರ ಸಂಜೆವರೆಗೂ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ.

ಸೋಮವಾರ ನಾನೂ ವಿಭೂತಿ ಹಚ್ಚಿಕೊಂಡು ಹೋಗಿ ಲ್ಯಾಬಿನ ಬಾಗಿಲಲ್ಲಿ ನಿಂತೆ. ಸರ್ ಬೇಕೆಂದೇ ತಮ್ಮ ಫೋನು ಜೋಡಿಸಿ ಏನೂ ಕೇಳದೆ ಕುಳಿತರು. ಆದರೂ ಫೋನು ಜೋಡಿಸಿದ್ದ ಅವಳ ತರಗತಿಯ ಹನ್ನೊಂದು ಹುಡುಗಿಯರಿಗೂ ಉತ್ತರ ಬಂತು. ನನ್ನ ಬಾಯಲ್ಲಿ ಪಂಚಾಕ್ಷರಿ ಅರ್ಧಕ್ಕೇ ನಿಂತಿತು.

"ಈ ಉಪಾಯ ಯಾರು ಹೇಳಿಕೊಟ್ರು?"

"ನಮ್ಮವ್ವರೀ ಸರ್."

ನಮ್ಮೂರು ಹಂಸಭಾವಿಗೆ ಮರಳುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಹೆಂಗಸಿಗೆ ಇದನ್ನೆಲ್ಲ ಮೊದಲಿನಿಂದ ಹೇಳುತ್ತಿದ್ದೆ. ಯಾರನ್ನೂ ಕಾಯಿಸಬಾರದು ಎಂಬ ಮುಖ್ಯ ಮಾತಿಗೆ ಬಂದಿದ್ದೆ.

"ಯಕ್ಕಾ, ಆಧಾರ ಕಾರ್ಡ್ ತೋರಸ್ರಿ. ಆಗಿಂದ ನಿಂತೇನ್ರಿ," ಎಂದ ಕಂಡಕ್ಟರ್. ಅವನ ಹಿಂದೆ ಅರ್ಧ ಬಸ್ಸು ಟಿಕೆಟ್ಟಿಗೆ ಕಾಯುತ್ತಿತ್ತು.

"ತಡಿಯೋ ತಮ್ಮಾ," ಎಂದೆ, "ಇದೊಂದ ಮಾತು ಮುಗಸ್ತೇನಿ."