ತೂಕ ನೋಡಿ ಆರಿಸಿದ ಪುಸ್ತಕಗಳು

ಬೆಳಗೋಡಿನ ಲೈಬ್ರರಿಯ ಅಷ್ಟೂ ಪುಸ್ತಕ ನಾನು ಓದಿ ಮುಗಿಸಿದ್ದೀನಿ. ಸುಳ್ಳು ಮಾರಾಯ, ಆರಿಸಿದ್ದು ಮಾತ್ರ ನಾನು. ಓದದವನು ಆರಿಸೋಕೆ ಹೋದರೆ ಹಿಂಗೆ ಒಂದರ ಹಿಂದೆ ಒಂದು ಎಡವಟ್ಟು ಆಗ್ತಾನೇ ಇರ್ತವೆ. ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತೆ.

೧

ಪಂಚಾಯಿತಿಯಲ್ಲಿ ಪುಸ್ತಕ ಆರಿಸೋಕೆ ಜನ ಬೇಕು ಅಂದಾಗ, ನನಗೆ ಎಲ್ಲಾ ವಿಷಯ ಗೊತ್ತು ಅಂತ ಕೈ ಎತ್ತಿದೆ. ಲೈಬ್ರರಿ ಮೇಡಂ ಹಾಸನದ ಅಂಗಡಿಗೆ ಕರೆದುಕೊಂಡು ಹೋದರು. ಇತಿಹಾಸ, ಅರ್ಥಶಾಸ್ತ್ರ, ಮನಶ್ಶಾಸ್ತ್ರ, ಭೂಗೋಳ, ಸಾಲು ಸಾಲು. ನಾನು ಕಾಫಿ ವ್ಯಾಪಾರದವನು. ಬೀಜ ಅಂಗೈಯಲ್ಲಿ ತೂಗಿ, ಹಗುರ ಇದ್ದರೆ ಜೊಳ್ಳು ಅಂತ ಬಿಡೋನು. ಇಲ್ಲೂ ಅದೇ ಮಾಡಿದೆ. ಒಂದೊಂದು ವಿಷಯದಲ್ಲೂ ಕೈ ಜಗ್ಗಿದ್ದನ್ನೇ ತೆಗೆದಿಟ್ಟೆ. ಒಂದ್ಸಲ ತೆರೆದು ನೋಡಿ ಅಂದರು ಮೇಡಂ. ಮೂಟೆ ಬಿಚ್ಚಿ ನೋಡೋನು ಹೊಸಬ, ಅಂದುಬಿಟ್ಟೆ.

೨

ಮುಂದಿನ ವಾರ ನಾನು ಲೈಬ್ರರಿಯಲ್ಲಿದ್ದಾಗ, ಕಾಫಿ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ ಮಗಳು ಬಂದಳು. ಟೀಚರ್ ಕೆಲಸದ ಪರೀಕ್ಷೆಗೆ ಓದುತ್ತಿದ್ದಳು. ವಯಸ್ಸು ಮೀರುತ್ತಿತ್ತು, ಇದೇ ಕೊನೇ ಸಲ. ಇತಿಹಾಸದ ಪುಸ್ತಕ ತಿರುವಿ ಕೇಳಿದಳು.

"ಅಣ್ಣಾ, ರಾಜ ಸತ್ತಿದ್ದು ಇದ್ರಲ್ಲೈತೆ. ಹುಟ್ಟಿದ್ದು ಯಾವುದ್ರಲ್ಲೈತೆ?"

ಮೇಡಂ ತೆಗೆದು ನೋಡಿದರೆ, ಎಲ್ಲಾ ವಿಷಯದಲ್ಲೂ ಎರಡನೇ ಭಾಗ ಮಾತ್ರ ತಂದಿದ್ದೆ. ಅದೇ ದಪ್ಪ ಇದ್ದದ್ದು.

ತಪ್ಪಾಯ್ತು ಅಂದಿದ್ದರೆ ಮುಗೀತಿತ್ತು. ನಾನು ಒಂದು ಪುಸ್ತಕ ಕೈಗೆ ತಗೊಂಡು, ಗಂಭೀರವಾಗಿ, "ಈ ಸಲ ಕೇಳೋದೆಲ್ಲ ಎರಡನೇ ಭಾಗದಿಂದ್ಲೇ ಕಣವ್ವ, ನಂಗೆ ಸುದ್ದಿ ಬಂದೈತೆ" ಅಂದೆ. ಅವಳು ತಲೆ ಆಡಿಸಿ ಹೋಗ್ಬುಟ್ಟಳು. ನಾನು ನಗೋಕೆ ಬಾಯಿ ತೆರೆದೆ. ಆ ಹುಡುಗಿ ಫೇಲಾದರೆ ಅವಳ ಅಪ್ಪನಿಗೆ ನೀವೇ ಹೇಳಿ ಅಂದರು ಮೇಡಂ. ಬಾಯಿ ಮುಚ್ಚಿ, ಹಾಸನದ ಬಸ್ಸಿನ ಟೈಮು ಕೇಳಿದೆ.

೩

ಮಾರನೇ ದಿನ ಮೊದಲ ಬಸ್ಸಿಗೆ ಹಾಸನಕ್ಕೆ ಓಡಿದೆ. ಯಾವ ಪುಸ್ತಕ ಬೇಕು ಸಾರ್ ಅಂದ ಅಂಗಡಿಯವನು. "ಅವತ್ತು ನಾನು ಬೇಡ ಅಂದಿದ್ದೆಲ್ಲಾ ಕೊಡಪ್ಪ" ಅಂದೆ.

೪

ಗಂಟು ಹೊತ್ತುಕೊಂಡು ರೈಟರ ಮನೆಗೆ ಹೋದರೆ, ಮೇಜಿನ ಮೇಲೆ ಮೊದಲನೇ ಭಾಗಗಳೆಲ್ಲ ಆಗಲೇ ಕೂತಿದ್ದವು. ಆಲೂರಿನ ಗೆಳತಿ ಹತ್ತಿರ ನಿನ್ನೆಯೇ ತಂದಳಂತೆ.

"ಹಂಗಾದ್ರೆ ನನ್ ಮಾತು ನಂಬ್ಲಿಲ್ವಾ?"

"ಹೆಂಗ್ ನಂಬ್ಲಿ ಅಣ್ಣಾ? ಹೇಳೋವಾಗ ಪುಸ್ತಕಾನ ತಲೆಕೆಳಗೆ ಹಿಡ್ಕೊಂಡಿದ್ರಿ."

ಅವಳು ಪಾಸಾಗಿ ಈಗ ಟೀಚರು. ಈ ವರ್ಷ ಪುಸ್ತಕ ಆರಿಸೋಕೆ ಪಂಚಾಯಿತಿಯವರು ಅವಳ ಹೆಸರು ಬರೆದರು. ನಾನು ಹಿಂದಿನ ಬೆಂಚಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಮೇಡಂ ಎದ್ದು ನಿಂತು, ನನ್ನನ್ನೂ ಸೇರಿಸಿಕೊಳ್ಳಿ ಅಂದರು. ಅಬ್ಬಾ, ಮರ್ಯಾದೆ ಉಳೀತು ಅಂದುಕೊಂಡೆ.

"ತೂಕ ಚೆನ್ನಾಗಿ ಗೊತ್ತಲ್ಲ ಅವರಿಗೆ," ಅಂದರು. "ಹೊರ್ಲಿ."

ಭುಜ ಇನ್ನೂ ನೋಯ್ತೈತೆ ಮಾರಾಯ. ಈ ಟೀ ದುಡ್ಡು ನೀನೇ ಕೊಟ್ಬುಡು.