ದೊಡ್ಡಪ್ಪನ ಸುಣ್ಣದ ಬಂಗಲೆ

ಬಳ್ಳಾರಿಯಲ್ಲಿ ಎಲ್ಲಕ್ಕಿಂತ ದೊಡ್ಡ ಮನೆ ಯಾರದು ಎಂದು ಯಾರಾದರೂ ಕೇಳಿದರೆ ಕಂಟೋನ್ಮೆಂಟಿನ ಬಂಗಲೆಗಳ ಕಡೆ ಕೈ ತೋರಿಸಬೇಡಿ. ನಮ್ಮ ದೊಡ್ಡಪ್ಪನದು. ಆ ಮನೆಗಿದ್ದ ಕೊರತೆ ಒಂದೇ, ಮಳೆ ಬಂದರೆ ಅಳಿಸಿಹೋಗುತ್ತಿತ್ತು. ನಮ್ಮೂರಿನಲ್ಲಿ ಮಳೆ ಬರುವುದೇ ಅಪರೂಪವಾದ್ದರಿಂದ ಅದರಲ್ಲಿ ನಾವು ಒಂದು ವರ್ಷದ ಮೇಲೆಯೇ ಸಂಸಾರ ಮಾಡಿದೆವು.

ನಾನು ಇದ್ದದ್ದಕ್ಕೆ ಬಾಲ ಸೇರಿಸಿ ಹೇಳುತ್ತೇನೆ ಎಂದು ನಮ್ಮ ಕ್ಲಾಸಿನ ಹುಡುಗಿಯರು ದೂರುತ್ತಾರೆ. ಸೇರಿಸುತ್ತೇನೆ, ಸುಳ್ಳೇಕೆ? ಆದರೆ ದೊಡ್ಡಪ್ಪನ ವಿಷಯದಲ್ಲಿ ಬಾಲ ಸೇರಿಸಲು ಜಾಗವೇ ಇಲ್ಲ. ಜಾಗ ಬಿಡುವ ಮನುಷ್ಯನೇ ಅಲ್ಲ ಅವನು. ನನ್ನ ಜಾಗವನ್ನು ಅವನು ಏನು ಮಾಡಿದ ಎಂಬುದೇ ಈಗ ನಾನು ಹೇಳಹೊರಟಿರುವ ಅನ್ಯಾಯ.

ನಮ್ಮ ಅಪ್ಪ ಅಮ್ಮ ಇರುವುದು ಬಾದನಹಟ್ಟಿಯಲ್ಲಿ, ಹೊಲದ ಜೊತೆ. ನನ್ನನ್ನು ಓದಲಿಕ್ಕೆಂದು ಬಳ್ಳಾರಿಗೆ ತಂದು ದೊಡ್ಡಪ್ಪನ ಮನೆಯಲ್ಲಿ ಬಿಟ್ಟಿದ್ದರು. ಬಿಡುವಾಗ ಒಂದು ಕರಾರೂ ಆಗಿತ್ತು. ಎಸ್ಸೆಸ್ಸೆಲ್ಸಿ ಪಾಸಾದರೆ ಕಾಲೇಜು, ಫೇಲಾದರೆ ಸಿರುಗುಪ್ಪ. ಸಿರುಗುಪ್ಪ ಎಂದರೆ ಅಲ್ಲಿನ ಭತ್ತದ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಹೋಗುವುದು. ಹುಡುಗನನ್ನು ನಾನು ನೋಡಿದ್ದೆ. ಭತ್ತದ ಚೀಲಗಳಿಗೆ ಒರಗಿಕೊಂಡು ಕೂತಿದ್ದ. ಚೀಲ ಎಲ್ಲಿ ಮುಗಿಯುತ್ತದೆ, ಅವನು ಎಲ್ಲಿ ಶುರುವಾಗುತ್ತಾನೆ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಹಾಗಾಗಿ ನಾನು ಓದಲೇಬೇಕಿತ್ತು. ಎಲ್ಲಿ ಕೂತು ಓದುವುದು? ದೊಡ್ಡಪ್ಪನ ಮನೆ ಎಂದರೆ ಒಂದು ಪಡಸಾಲೆ, ಒಂದು ಅಡುಗೆಮನೆ, ಮೇಲೆ ಸೂರಾಗಿ ಮಣ್ಣಿನ ಮಾಳಿಗೆ. ಪಡಸಾಲೆಯ ಒಂದು ಮೂಲೆಯಲ್ಲಿ ನಶ್ಯ ಏರಿಸಿ ಸೀನುವ ಅಜ್ಜಿ. ಇನ್ನೊಂದು ಮೂಲೆಯಲ್ಲಿ ಹಾರ್ಮೋನಿಯಂ ಹಿಡಿದ ಚಿಕ್ಕಪ್ಪ; ನಾಟಕದ ಕಂಪನಿ ಸೇರುತ್ತೇನೆಂದು ಹೊರಟವನು, ಕಂಪನಿಯವರು ಬೇಡವೆಂದ ಮೇಲೆ ನಮ್ಮನ್ನೇ ಪ್ರೇಕ್ಷಕರನ್ನಾಗಿ ಮಾಡಿಕೊಂಡಿದ್ದ. ಅಡುಗೆಮನೆಯಿಂದ ದೊಡ್ಡಮ್ಮನ ಒಲೆಯ ಹೊಗೆ. ಇವೆಲ್ಲ ಸಾಲದು ಎಂದು ಮಾಳಿಗೆಯಿಂದ ಮಣ್ಣು ಉದುರುತ್ತಿತ್ತು. ಒಂದು ಸಂಜೆ ಮಣ್ಣಿನ ಜೊತೆ ಚೇಳೂ ಉದುರಿತು. ಎಲ್ಲಿ? ನನ್ನ ಜಾಮಿಟ್ರಿ ಪುಸ್ತಕದ ಮೇಲೆ, ವೃತ್ತದ ನಡುಮಧ್ಯಕ್ಕೆ. ಕೈವಾರ ಊರಿದರೂ ಅಷ್ಟು ಸರಿಯಾಗಿ ಕೇಂದ್ರ ಸಿಗುವುದಿಲ್ಲ. ನಾನು ಕಿರುಚಿದ್ದು ಆಚೆಯ ಊರು ಮೋಕಾದವರೆಗೆ ಕೇಳಿಸಿತಂತೆ. ಮೋಕಾದವರನ್ನು ಕೇಳಿ ನೋಡಿ.

ದೊಡ್ಡಪ್ಪ ಚಪ್ಪಲಿಯಿಂದ ಚೇಳನ್ನು ಹೊಡೆದ. ಆಮೇಲೆ ಮಾಳಿಗೆಯನ್ನೇ ಬಹಳ ಹೊತ್ತು ನೋಡುತ್ತ ನಿಂತ. "ಇದು ಆಗಂಗಿಲ್ಲ" ಎಂದ. ಅಷ್ಟೇ.

ಮರುದಿನ ಊಟಕ್ಕೆ ಕೂತಾಗ ಘೋಷಣೆ ಬಂತು. ಹಿತ್ತಲಲ್ಲಿ ಮನೆ ಬೆಳೆಸುವುದು. ಸಿಮೆಂಟಿನ ಮಾಳಿಗೆ ಹಾಕುವುದು. ಯಾರಿಗೇನು ಬೇಕೋ ಈಗಲೇ ಹೇಳುವುದು.

"ನನಗ ಬಚ್ಚಲ ಬೇಕಲೇ. ಕಾಲು ಚಾಚಿ ಕುಂದ್ರೋ ಹಂಗ ಇರಬೇಕು" ಎಂದಳು ಅಜ್ಜಿ.

"ಹೊಗಿ ಹೋಗೋ ಅಂಥಾ ಅಡಿಗಿಮನಿ ಕಟ್ಟಿಸಿಕೊಡ್ರಿ. ಮತ್ತೇನೂ ಬ್ಯಾಡ" ಎಂದಳು ದೊಡ್ಡಮ್ಮ.

ಚಿಕ್ಕಪ್ಪನಿಗೆ ತಾಲೀಮಿನ ಖೋಲಿ ಬೇಕಿತ್ತು. ನಾನು ಕೇಳಿದ್ದು ಒಂದು ಖೋಲಿ, ಅದಕ್ಕೊಂದು ಬಾಗಿಲು. ಒಂದು ಹೆಣ್ಣುಹುಡುಗಿ ಬಾಗಿಲು ಹಾಕಿಕೊಂಡು ಏನು ಮಾಡುತ್ತಾಳೆ ಎಂದು ಚಿಕ್ಕಪ್ಪ ನಕ್ಕ. ನಿನ್ನ ಹಾರ್ಮೋನಿಯಂ ಕೇಳಿಸದಂತೆ ಮಾಡುತ್ತಾಳೆ ಎಂದೆ.

"ಆತು. ಎಲ್ಲಾರ್ದೂ ಆತು" ಎಂದು ದೊಡ್ಡಪ್ಪ ಕೈ ತೊಳೆದ.

ದೊಡ್ಡಪ್ಪನದು ಹತ್ತಿ ಜಿನ್ನಿನಲ್ಲಿ ತೂಕ ನೋಡುವ ಕೆಲಸ. ಮನೆ ಕಟ್ಟುವ ವಿಷಯದಲ್ಲಿ ಅವನಿಗೆ ಗೊತ್ತಿದ್ದುದು ಒಂದೇ ಶಬ್ದ, 'ಬಜೆಟ್ಟು'. ಕ್ಷೌರದ ಅಂಗಡಿಯ ಪೇಪರಿನಲ್ಲಿ ಓದಿಕೊಂಡು ಬಂದಿದ್ದ. ಆಗ ಸಿಮೆಂಟಿಗೆ ಕಂಟ್ರೋಲು. ತಾಲ್ಲೂಕು ಕಚೇರಿಯ ಪರ್ಮಿಟ್ಟಿಲ್ಲದೆ ಒಂದು ಮುಷ್ಟಿಯೂ ಸಿಗದು. ಸಿಗುವ ಸಿಮೆಂಟೆಲ್ಲ ಹೊಸಪೇಟೆ ಕಡೆ ಕಟ್ಟುತ್ತಿದ್ದ ಡ್ಯಾಮಿಗೆ ಹೋಗುತ್ತಿದೆ ಎಂದು ಊರೆಲ್ಲ ಮಾತು. "ಹೊಳಿಗೆ ಗ್ವಾಡಿ ಬೇಕಂತ, ನನಗ ಬ್ಯಾಡಂತ" ಎಂದು ದೊಡ್ಡಪ್ಪ ತುಂಗಭದ್ರೆಯ ಮೇಲೆಯೇ ಸಿಟ್ಟಾದ. ಪರ್ಮಿಟ್ಟು ಬರುವವರೆಗೆ ಇನ್ನೊಬ್ಬನಾಗಿದ್ದರೆ ಸುಮ್ಮನಿರುತ್ತಿದ್ದ. ಇವನು ಒಂದು ಬುಟ್ಟಿ ಸುಣ್ಣದ ಪುಡಿ ತಂದ.

"ಕಟ್ಟೂದಕ್ಕ ಮೊದ್ಲ ಮನಿಯಾಗ ಇದ್ದು ನೋಡಬೇಕು. ಕಟ್ಟಿದ ಮ್ಯಾಲ ಬಾಗ್ಲಾ ಈ ಕಡಿ ಬೇಕಿತ್ತು ಅಂದ್ರ ಗ್ವಾಡಿ ಕೇಳತೈತೇನು?"

ಅಂದೇ ಹಿತ್ತಲಲ್ಲಿ ಸುಣ್ಣದ ಗೆರೆಯ ಮನೆ ಎದ್ದಿತು. ಎದ್ದಿತು ಎನ್ನುವುದು ಹೇಗೆ, ಮಲಗಿತು ಎನ್ನಬೇಕು. ಅಳತೆ ತೆಗೆಯಲು ಅವನಿಗೆ ಟೇಪು ಬೇಕಿರಲಿಲ್ಲ, ನಾವಿದ್ದರೆ ಸಾಕಿತ್ತು. ಅಜ್ಜಿಯನ್ನು ಕಾಲು ಚಾಚಿ ಕೂರಿಸಿ ಬಚ್ಚಲು ಬರೆದ. ದೊಡ್ಡಮ್ಮನ ಕೈಗಳನ್ನು ಎರಡೂ ಕಡೆ ಹಿಡಿಸಿ ಅಡುಗೆಮನೆ ಬರೆದ. ಚಿಕ್ಕಪ್ಪ ರಾಜನ ಪಾರ್ಟಿನಲ್ಲಿ ಕತ್ತಿ ಬೀಸಲು ಎಷ್ಟು ಜಾಗ ಬೇಕೋ ಅಷ್ಟು ಬೀಸಿಸಿ ತಾಲೀಮಿನ ಖೋಲಿ ಬರೆದ. ನನ್ನನ್ನು ಬೇವಿನ ಗಿಡದ ಪಕ್ಕ ಮಲಗಿಸಿ ಸುತ್ತಲೂ ಗೆರೆ ಎಳೆದ. ಒಳ್ಳೆಯ ಖೋಲಿ. ಎರಡೂ ಕಡೆ ಹೊರಳಬಹುದಿತ್ತು.

ಬರೆದ ಮೇಲೆ ಕಾನೂನು ಬಂತು. ಗೆರೆ ದಾಟುವಂತಿಲ್ಲ, ಗೆರೆ ಎಂದರೆ ಗೋಡೆ. ಬಾಗಿಲೆಂದು ಬಿಟ್ಟ ಸಂದಿಯಲ್ಲೇ ಹೋಗಬೇಕು, ಹೋಗುವ ಮೊದಲು "ಒಳಗ ಬರ್ಲೇನು" ಎಂದು ಕೇಳಬೇಕು. ಒಣಗಿದ ಸೀರೆ ತೆಗೆಯಲು ದೊಡ್ಡಮ್ಮ ನೆಟ್ಟಗೆ ನಡೆದರೆ, "ಏ, ಗ್ವಾಡಿ ಒಳಗಿಂದ ಹೊಂಟೀಯಲ್ಲ, ದೆವ್ವ ಏನು ನೀನು?" ಎಂಬ ಕೂಗು. ಬಚ್ಚಲು ಇನ್ನೂ ಆಗಿಲ್ಲವಲ್ಲೋ ಎಂದರೂ ಕೇಳದೆ ಅಜ್ಜಿಯನ್ನು ದಿನಾ ಒಂದಿಷ್ಟು ಹೊತ್ತು ಅದರಲ್ಲಿ ಕೂರಿಸುತ್ತಿದ್ದ. ಪಕ್ಕದ ಮನೆಯವರು ಇಣುಕಿದಾಗ ಅಜ್ಜಿ ಗಂಭೀರವಾಗಿ, "ಜಳಕಾ ಮಾಡಾಕತ್ತೀನಿ, ಆ ಕಡಿ ನೋಡ್ರಿ" ಎಂದಳು. ಎಷ್ಟೆಂದರೂ ಅವನ ತಾಯಿಯೇ ತಾನೆ?

ಮನೆಯ ಎಮ್ಮೆ ಮಾತ್ರ ಕಾನೂನಿಗೆ ಸಿಗಲಿಲ್ಲ. ಒಂದು ದಿನ ಹಗ್ಗ ಕಿತ್ತುಕೊಂಡು ಅಡುಗೆಮನೆ, ತಾಲೀಮಿನ ಖೋಲಿ ಎಲ್ಲವನ್ನೂ ದಾಟಿ ಬೇವಿನ ನೆರಳಿಗೆ ಬಂದು ನಿಂತಿತು. ದೊಡ್ಡಪ್ಪ ಬಡಿಗೆ ಹಿಡಿದು ಓಡಿದ. ಓಡಿದವನು ಗೋಡೆಯ ಹತ್ತಿರ ಗಕ್ಕನೆ ನಿಂತು, ಸುತ್ತು ಹಾಕಿ, ಬಾಗಿಲಿನಿಂದ ಬಂದು ಎಮ್ಮೆಗೆ ಹೊಡೆದ ಎಂದು ನಾನು ಕ್ಲಾಸಿನಲ್ಲಿ ಹೇಳಿದ್ದೇನೆ. ನಿಜ ಹೇಳಬೇಕೆಂದರೆ ಅವನು ಗೋಡೆ ದಾಟಿಯೇ ಬಂದ. ಕಾನೂನು ನಮಗೆ ಮಾತ್ರ. ಕೇಳಿದರೆ, "ಮನಿ ಯಜಮಾನಗ ಬಾಗ್ಲಾ ಇರಂಗಿಲ್ಲವ್ವಾ" ಎನ್ನುತ್ತಿದ್ದ. ಯಾರ ಖೋಲಿಗಾದರೂ ಯಾವ ಗೋಡೆಯಿಂದಲಾದರೂ ನುಗ್ಗುತ್ತಿದ್ದ.

ಇನ್ನು ಚಿಕ್ಕಪ್ಪ. ಅವನು ತನ್ನ ಗೆರೆಗಳ ಒಳಗೆ ಚಾಪೆ ಹಾಸಿ ಹಾರ್ಮೋನಿಯಂ ಬಾರಿಸತೊಡಗಿದ. ಎರಡು ಮಾರು ಆಚೆ ನಾನು ಬೀಜಗಣಿತ ಹಿಡಿದು ಕೂತಿದ್ದೆ. ದೊಡ್ಡಪ್ಪನಿಗೆ ಫಿರ್ಯಾದು ಕೊಟ್ಟೆ.

"ಅವನು ಬಾಗ್ಲಾ ಹಾಕ್ಕೊಂಡಾನಲ್ಲ. ನನಗೇನೂ ಕೇಳವಲ್ದು" ಎಂದ ದೊಡ್ಡಪ್ಪ, ಕಿವಿಯ ಮೇಲೆ ಕೈ ಇಟ್ಟುಕೊಂಡು.

ಇಷ್ಟಾದರೂ ಸಹಿಸಿಕೊಳ್ಳುತ್ತಿದ್ದೆ. ನಾನು ಸಹಿಸದೆ ಹೋದದ್ದು ಬಜೆಟ್ಟನ್ನು. ಆಗಾಗ ದೊಡ್ಡಪ್ಪ ಕೋಟು ಹಾಕಿಕೊಂಡು ತಾಲ್ಲೂಕು ಕಚೇರಿಗೆ ಹೋಗುತ್ತಿದ್ದ. ಮಧ್ಯಾಹ್ನ ಮುಖ ಇಳಿಬಿಟ್ಟುಕೊಂಡು ಬರುತ್ತಿದ್ದ. ಬಂದವನು ಕೋಟನ್ನೂ ತೆಗೆಯದೆ ಹಿತ್ತಲಿಗೆ ಹೋಗಿ, "ಬಜೆಟ್ಟು ಮೀರೈತಿ" ಎಂದು ಕಾಲಿನಿಂದ ಒಂದು ಗೋಡೆ ಒರೆಸಿ, ಒಳಗೆ ಸರಿಸಿ ಬರೆಯುತ್ತಿದ್ದ. ಯಾರ ಗೋಡೆ? ಅಜ್ಜಿಯದೇ? ಬಚ್ಚಲು ಹಾಗೇ ಇತ್ತು. ಚಿಕ್ಕಪ್ಪನದೇ? ಅವನು ಇನ್ನೂ ಆರಾಮಾಗಿ ಕತ್ತಿ ಬೀಸುತ್ತಿದ್ದ. ಪ್ರತಿ ಸಲವೂ ನನ್ನ ಗೋಡೆ.

"ದೊಡ್ಡಪ್ಪಾ, ಇದರಾಗ ಮಲಗಾಕ ಆಗವಲ್ದು."

"ಕಾಲು ಮಡಚಿಕ್ಯಾ."

ಮುಂದಿನ ಸಲ ಕಾಲು ಮಡಚಿದರೂ ಸಾಲಲಿಲ್ಲ. "ಓದಾಕ ಖೋಲಿ ಕೇಳಿದಿ. ಓದೋರು ಕುಂದ್ರತಾರೋ ಮಲಗತಾರೋ?" ಎಂದ. ಅದರ ಮುಂದಿನ ಸಲ ನಾನು ಕೂತಾಗ ಮೊಣಕಾಲು ಗೋಡೆಗೆ ತಗಲುತ್ತಿತ್ತು. ನಾನು ಬೆಳೆಯುತ್ತಿದ್ದೆ, ಖೋಲಿ ಕುಗ್ಗುತ್ತಿತ್ತು. ಯಾವ ದೇಶದ ನ್ಯಾಯ ಇದು? ಸ್ವಾತಂತ್ರ್ಯ ಬಂದ ಮೇಲೂ ಹೀಗೆಯೇ? ಚಿಕ್ಕಪ್ಪನ ಖೋಲಿಯಿಂದ ಒಂದು ಕತ್ತಿಯುದ್ದ ಜಾಗ ಕಡಿದು ಕೊಡಿ ಎಂದು ವಾದಿಸಿದೆ. "ಅವನದು ಇರವಲ್ದಾಕ" ಎಂದ ದೊಡ್ಡಪ್ಪ. ಅವನದು ಇರಲಂತೆ! ನಾನು ಎರಡು ದಿನ ದೊಡ್ಡಪ್ಪನ ಜೊತೆ ಮಾತು ಬಿಟ್ಟೆ. ಅವನಿಗೆ ಗೊತ್ತಾಗಲಿಲ್ಲವಾದ್ದರಿಂದ ಮೂರನೆಯ ದಿನ ಹೇಳಿ, ಮತ್ತೆ ಬಿಟ್ಟೆ.

ಇಂಥ ಹೊತ್ತಿನಲ್ಲಿ ಸಿರುಗುಪ್ಪದಿಂದ ಆ ಹುಡುಗನ ತಾಯಿ ಬಂದಳು. ಕೊರಳ ತುಂಬ ಚಿನ್ನ, ಜೊತೆಗೊಂದು ಚೀಲ ಸಣ್ಣಕ್ಕಿ. ಮನೆ ನೋಡುತ್ತೇನೆಂದು ಹಿತ್ತಲಿಗೆ ಬಂದವಳು ಸರಸರ ಅಡುಗೆಮನೆಯ ಗೋಡೆ ತುಳಿದು ಒಳಗೆ ಬಂದುಬಿಟ್ಟಳು.

"ಗ್ವಾಡಿ ಹಾದು ಬಂದ್ರಿ. ಬಾಗ್ಲಾ ಆ ಕಡಿ ಐತ್ರಿ" ಎಂದ ದೊಡ್ಡಪ್ಪ.

"ಎಲ್ಲೈತ್ರಿ ಗ್ವಾಡಿ?"

"ನಿಮ್ಮ ಕಾಲಿಗೆ ಹತ್ತೈತಿ ನೋಡ್ರಿ."

ಆಯಮ್ಮ ಕಾಲು ನೋಡಿಕೊಂಡಳು. ದೊಡ್ಡಮ್ಮ ಸೆರಗು ಬಾಯಿಗಿಟ್ಟುಕೊಂಡು ಒಲೆಯಿಲ್ಲದ ಅಡುಗೆಮನೆಯಲ್ಲಿ ಕೆಮ್ಮಿದಳು. ಬೀಗಿತ್ತಿಯಾಗಬೇಕೆಂದು ಬಂದವಳು ಸೋಲಲಿಲ್ಲ. ನನ್ನ ಖೋಲಿಯ ಮುಂದೆ ನಿಂತು, "ಇದೇನು, ಕೋಳಿ ಮುಚ್ಚಾಕೇನ್ರಿ?" ಎಂದಳು.

"ನಮ್ಮ ಹುಡುಗಿ ಓದಾಕ."

"ಇಷ್ಟರಾಗ ಓದಿ ಏನ್ ಪಾಸಾಗತಾಳ್ರಿ? ನಮ್ಮ ಮನಿಗೆ ಕಳಸ್ರಿ, ಊರಷ್ಟು ಪಡಸಾಲಿ ಐತಿ. ಓದೋ ಗೋಜ ಇಲ್ಲ."

ದೊಡ್ಡಪ್ಪ ಏನಾದರೂ ಎದುರಾಡುತ್ತಾನೆ ಎಂದು ಕಾದೆ. ಅವನು ಆಕೆಯನ್ನು ಬಸ್ಸು ಹತ್ತಿಸಿ, ಹಾಗೇ ತಾಲ್ಲೂಕು ಕಚೇರಿಗೆ ಹೋಗಿ, ಬಂದವನೇ ನನ್ನ ಖೋಲಿಯನ್ನು ಇನ್ನೊಂದು ಗೇಣು ಕುಗ್ಗಿಸಿದ. ಆವತ್ತು ನಾನು ಊಟ ಬಿಟ್ಟೆ. ಬಿಟ್ಟದ್ದು ಸಣ್ಣಕ್ಕಿ ಅನ್ನವಾದ್ದರಿಂದ ನನ್ನ ಸಿಟ್ಟು ಎಷ್ಟಿತ್ತೆಂದು ನೀವೇ ಲೆಕ್ಕ ಹಾಕಿ.

ಕಡೆಗೂ ಪರ್ಮಿಟ್ಟು ಬಂತು. ಒಂದು ಎತ್ತಿನ ಗಾಡಿ ಮನೆ ಮುಂದೆ ನಿಂತಿತು. ಗಾಡಿ ದೊಡ್ಡದು, ಸಿಮೆಂಟಿನ ಚೀಲಗಳು ಮೂಲೆಯಲ್ಲಿ ನಾಚಿಕೊಂಡು ಕೂತಿದ್ದವು. ಹಿಂದೆಯೇ ಕುರುಗೋಡಿನಿಂದ ಕಲ್ಲು ಬಂತು, ಗೋಡೆ ಕಟ್ಟುವ ಗೌಂಡಿಯೂ ಬಂದ. ಗೌಂಡಿ ಹಿತ್ತಲಲ್ಲಿ ನಿಂತು ಬೆರಗಾದ.

"ಕಲ್ಲಿನ ಗ್ವಾಡಿ ಬೇಕಾದ್ರ ಎಷ್ಟಾರ ಏಳಸ್ತೀನ್ರಿ. ಆದ್ರ ಈ ಸಿಮೆಂಟಿನಾಗ ಮಾಳಿಗಿ ಒಂದು ಸಣ್ಣ ಖೋಲಿಗೆ ಬಂದ್ರ ದೊಡ್ಡದು. ಯಾವುದಕ್ಕ ಹಾಕಬೇಕ್ರಿ?"

ಅಜ್ಜಿ ಬಚ್ಚಲಲ್ಲಿ ಹೋಗಿ ಕಾಲು ಚಾಚಿದಳು. ಚಿಕ್ಕಪ್ಪ ಹಾರ್ಮೋನಿಯಂ ತಂದು ತನ್ನ ಗೆರೆಗಳ ನಡುವೆ ಇಟ್ಟ. ದೊಡ್ಡಮ್ಮ ಸುಣ್ಣದ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ನಾನು ದೂರದಲ್ಲಿ ಕಟ್ಟೆಯ ಮೇಲೆ ಕೂತು ಸಿರುಗುಪ್ಪದ ದಾರಿ ಯೋಚಿಸುತ್ತಿದ್ದೆ. ಬೇವಿನ ಬುಡದಲ್ಲಿ ಉಳಿದಿದ್ದ ಕೋಳಿಗೂಡಿಗೆ ನಾನು ಯಾಕೆ ಹೋಗಿ ನಿಲ್ಲಲಿ?

ದೊಡ್ಡಪ್ಪ ಎಲ್ಲ ಗೋಡೆಗಳನ್ನೂ ಹಾದು ಆ ಕೋಳಿಗೂಡಿನ ನಡುವೆ ನಿಂತ. "ಇದಕ್ಕ ಬರತೈತೇನು ನೋಡು."

ಗೌಂಡಿ ಗೇಣು ಹಾಕಿ ನೋಡಿದ. "ಇದಕ್ಕ ಬರೋಬ್ಬರಿ ಬರತೈತ್ರಿ. ಅಳತಿ ತಗದು ಬರದಂಗ ಐತಿ."

"ತಗದೇ ಬರದೀನಿ. ಹೋದಾಗೊಮ್ಮೆ ಕಚೇರಿಯಾಗ ಚೀಲ ಕಡಿಮಿ ಹೇಳ್ತಿದ್ರು. ಬಂದು ಅಷ್ಟು ಕಡಿಮಿ ಮಾಡ್ತಿದ್ದೆ."

ಆಗಲೂ ನನಗೆ ಸಿಟ್ಟೇ ಇತ್ತು. ತಿಂಗಳುಗಟ್ಟಲೆ ಸಾಕಿದ ಸಿಟ್ಟು ಒಂದೇ ಕ್ಷಣಕ್ಕೆ ಬಿಟ್ಟುಹೋಗುತ್ತದೆಯೇ? "ಮತ್ತ ಅವರದೆಲ್ಲಾ ಯಾಕ ಅಷ್ಟು ದೊಡ್ಡವು ಬರದಿ?" ಎಂದು ಕಟ್ಟೆಯ ಮೇಲಿಂದಲೇ ಕೇಳಿದೆ.

"ಕಟ್ಟೂದನ್ನ ಕೈ ಹಿಡದು ಬರೀಬೇಕವ್ವಾ. ಕಟ್ಟಲಾರದ್ದು ಎಷ್ಟು ದೊಡ್ಡದಿದ್ರೇನು? ಸುಣ್ಣಕ್ಕೇನು ಕಂಟ್ರೋಲ್ ಐತೇನು?" ಆಮೇಲೆ ದನಿ ತಗ್ಗಿಸಿ, "ಚೇಳು ಬಿದ್ದ ದಿನಾನ ನಿನಗೊಂದ ಕಟ್ಟತೀನಿ ಅಂದಿದ್ರ ಈ ಮನಿಯಾಗ ಕುರುಕ್ಷೇತ್ರ ಆಗತಿತ್ತು" ಎಂದ.

ಕುರುಕ್ಷೇತ್ರ ಈಗ ಆಗುತ್ತದೆ ಎಂದು ನಾನು ಕಾದೆ. ಚಿಕ್ಕಪ್ಪ ಹಾರ್ಮೋನಿಯಂ ಎತ್ತಿಕೊಂಡು ಗೊಣಗುತ್ತ ಒಳಗೆ ಹೋದ. ಅಜ್ಜಿ, "ಅಂತೂ ಒಂದ್ ವರ್ಷ ರಾಣಿ ಹಂಗ ಜಳಕಾ ಮಾಡಿಸಿದಿ ಬಿಡಲೇ" ಎಂದು ಕೈ ಚಾಚಿದಳು, ಎಬ್ಬಿಸು ಎಂದು. ದೊಡ್ಡಮ್ಮ ತನ್ನ ಸುಣ್ಣದ ಅಡುಗೆಮನೆಯನ್ನು ಒಂದು ಸುತ್ತು ನೋಡಿದಳು. ಅವಳ ಕಣ್ಣು ಸುಮ್ಮನೆ ಒದ್ದೆಯಾದಂತೆ ಕಂಡಿತು. "ಇದರಾಗ ಹೊಗಿ ಮಾತ್ರ ಇರ್ಲಿಲ್ಲ ನೋಡವ್ವಾ" ಎಂದು ನನ್ನ ಕಡೆ ನಕ್ಕು, ಹಳೆಯ ಒಲೆ ಹಚ್ಚಲು ಹೋದಳು. ಬಾಗಿಲಿನಿಂದಲೇ ಹೋದಳು.

ಈಗ ನಾನು ಆ ಖೋಲಿಯಲ್ಲಿ ಕೂತೇ ಇದನ್ನು ಬರೆಯುತ್ತಿದ್ದೇನೆ. ಎದುರಿಗೆ ಜಾಮಿಟ್ರಿ ಪುಸ್ತಕ ತೆರೆದಿದೆ, ಪರೀಕ್ಷೆ ಹತ್ತಿರ ಬಂದಿದೆ. ಖೋಲಿ ಎಷ್ಟು ಸಣ್ಣದೆಂದರೆ ಪ್ರಮೇಯವನ್ನು ಪೂರ್ತಿ ಬಿಡಿಸಬೇಕಾದರೆ ಮೊಣಕೈ ಕಿಟಕಿಯಿಂದ ಹೊರಗೆ ಹೋಗಬೇಕು. ಬೆಕ್ಕು ಒಳಗೆ ಬಂದರೆ ನಾನು ಹೊರಗೆ ಬರಬೇಕು. ಇದರ ಬಗ್ಗೆ ನನ್ನ ಆಕ್ಷೇಪಣೆಗಳು ಇನ್ನೂ ಮುಗಿದಿಲ್ಲ; ಇದನ್ನು ಓದಿದವರು ಯಾರಾದರೂ ದೊಡ್ಡಪ್ಪನಿಗೆ ಬುದ್ಧಿ ಹೇಳಬೇಕು.

ಈಗ ತಾನೇ ಹೊರಗೆ ಅವನ ಚಪ್ಪಲಿಯ ಸದ್ದಾಯಿತು. ಎಲ್ಲರ ಗೋಡೆಗಳನ್ನೂ ತುಳಿದು ನುಗ್ಗುತ್ತಿದ್ದ ಮನುಷ್ಯ ನನ್ನ ಬಾಗಿಲ ಆಚೆ ನಿಂತು ಕೆಮ್ಮಿದ.

"ಒಳಗ ಬರ್ಲೇನವ್ವಾ?"

ನಾನು ಈ ಹಾಳೆಗಳನ್ನು ಜಾಮಿಟ್ರಿಯ ಕೆಳಗೆ ಸರಿಸಿ, "ಬಾ ದೊಡ್ಡಪ್ಪಾ" ಎಂದೆ. ಇಬ್ಬರಿಗೆ ಜಾಗ ಎಲ್ಲಿದೆ? ಹೊಸ್ತಿಲ ಮೇಲೆಯೇ ನಿಂತು, ತಲೆ ಬಗ್ಗಿಸಿ, ಮೇಲಿನ ಸಿಮೆಂಟನ್ನು ಮೂಲೆಯಿಂದ ಮೂಲೆಗೆ ನೋಡಿದ.

"ಏನೂ ಉದುರಿಲ್ಲಲ್ಲ?"

"ಇಲ್ಲ."

"ಓದು ಮತ್ತ" ಎಂದ. ಹೋಗುವಾಗ ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೋದ.